ಬೆನೆಡೆಟ್ಟೊ ಪಿಸ್ಟ್ರುಚ್ಚಿ: ಸವರನ್ ನಾಣ್ಯದ ಕೆತ್ತನೆಗಾರರ ಜೀವನ ಮತ್ತು ಕಾರ್ಯ

ರಾಜ್ಯದ ಅನೇಕ ಮನೆಗಳಲ್ಲಿ ಹಿರಿಯರಿಂದ ಬಂದ ಚಿನ್ನದ ಸವರನ್ ನಾಣ್ಯಗಳನ್ನು ಇಂದಿಗೂ ಜೋಪಾನವಾಗಿ ಇರಿಸಿಕೊಳ್ಳಲಾಗಿದೆ. ಕರಾವಳಿ ಜಿಲ್ಲೆಗಳಲ್ಲಿ ಇದನ್ನು ಪವನು ಎಂದು ಕರೆಯುವ ರೂಢಿಯಿದ್ದು, ಎಂಟು ಗ್ರಾಂ ಚಿನ್ನದ ಅಳತೆಗೂ ಅದೇ ಹೆಸರು ನಿಂತಿದೆ. ಈ ನಾಣ್ಯದ ಒಂದು ಬದಿಯಲ್ಲಿ ಬ್ರಿಟನ್ನಿನ ದೊರೆಯ ಅಥವಾ ರಾಣಿಯ ಮುಖವಿದ್ದು, ಬಹುಪಾಲು ನಾಣ್ಯಗಳ ಇನ್ನೊಂದು ಬದಿಯಲ್ಲಿ ಕುದುರೆಯನ್ನೇರಿ ಘಟಸರ್ಪವನ್ನು ಸಂಹರಿಸುತ್ತಿರುವ ವೀರನ ಚಿತ್ರವಿರುತ್ತದೆ. ಆ ವೀರನೇ ಇಂಗ್ಲೆಂಡಿನ ಪೋಷಕ ಸಂತನಾದ ಜಾರ್ಜ್. ಈ ಚಿತ್ರವನ್ನು ರಚಿಸಿದವರು ಇಟಲಿಯ ರೋಮ್ ನಗರದಲ್ಲಿ ಜನಿಸಿ, ಲಂಡನ್ನಿನ ಸರ್ಕಾರಿ ಟಂಕಸಾಲೆಯಾದ ರಾಯಲ್ ಮಿಂಟ್‌ನಲ್ಲಿ ಸೇವೆ ಸಲ್ಲಿಸಿದ ಬೆನೆಡೆಟ್ಟೊ ಪಿಸ್ಟ್ರುಚ್ಚಿ (1783-1855) ಎಂಬ ಕೆತ್ತನೆಗಾರರು. ಜಗತ್ತಿನಲ್ಲಿ ಅತ್ಯಂತ ದೀರ್ಘಕಾಲ ಬಳಕೆಯಲ್ಲಿರುವ ನಾಣ್ಯಚಿತ್ರಗಳಲ್ಲಿ ಒಂದನ್ನು ನೀಡಿದ ಇವರಿಗೆ ತಾವು ನಿರ್ವಹಿಸಿದ ಹುದ್ದೆಯ ನೇಮಕಾತಿ ಮಾತ್ರ ಕೊನೆಯವರೆಗೂ ದೊರೆಯಲಿಲ್ಲ. ಸಾರ್ವಜನಿಕರ ತಿಳುವಳಿಕೆಗಾಗಿ ಇವರ ಜೀವನದ ವಿವರಗಳನ್ನು ಇಲ್ಲಿ ನೀಡಲಾಗಿದೆ.

ಜನನ ಮತ್ತು ವೃತ್ತಿ ಕಲಿಕೆ

ಪಿಸ್ಟ್ರುಚ್ಚಿಯವರು 1783ರ ಮೇ 29ರಂದು ರೋಮ್‌ನಲ್ಲಿ ಜನಿಸಿದರು. ಅಂದು ರೋಮ್ ನಗರವು ಪೋಪ್ ಅವರ ಆಡಳಿತಕ್ಕೆ ಒಳಪಟ್ಟಿತ್ತು. ತಂದೆ ಫೆಡೆರಿಕೊ ಅವರು ಕ್ರಿಮಿನಲ್ ನ್ಯಾಯಾಲಯದ ನ್ಯಾಯಾಧೀಶರಾಗಿದ್ದರು. ಮಕ್ಕಳಿಬ್ಬರೂ ಕಾನೂನು ಓದಿ ತಮ್ಮಂತೆಯೇ ಅಧಿಕಾರಕ್ಕೆ ಬರಬೇಕೆಂಬುದು ಅವರ ಅಪೇಕ್ಷೆಯಾಗಿತ್ತು. ಆದರೆ ಹಿರಿಯ ಮಗ ಫಿಲಿಪ್ಪೊ ಚಿತ್ರಕಲೆಯತ್ತ ಒಲಿದರು. ಕಿರಿಯ ಮಗನಿಗೆ ಲ್ಯಾಟಿನ್ ಪಾಠವೆಂದರೆ ಬೇಸರ. ನೆಪೋಲಿಯನ್ನನ ದಂಡಯಾತ್ರೆಗಳ ಆ ಕಾಲದಲ್ಲಿ ಕುಟುಂಬವು ಊರಿಂದೂರಿಗೆ ಸಾಗಬೇಕಾಗಿ ಬಂದುದರಿಂದ ಶಾಲಾ ವಿದ್ಯಾಭ್ಯಾಸವೂ ಕ್ರಮವಾಗಿ ನಡೆಯಲಿಲ್ಲ. ಕೊನೆಗೆ ಬಾಲಕನನ್ನು ಕ್ಯಾಮಿಯೋ ಕೆತ್ತನೆಯ ಕೆಲಸಕ್ಕೆ ಸೇರಿಸಲಾಯಿತು.

ಕ್ಯಾಮಿಯೋ ಎಂದರೆ ಬೇರೆ ಬೇರೆ ಬಣ್ಣದ ಪದರಗಳಿರುವ ಗಟ್ಟಿ ಕಲ್ಲಿನಲ್ಲಿ ಮೇಲಿನ ಪದರವನ್ನು ಆಕೃತಿಯಾಗಿ ಉಳಿಸಿ, ಸುತ್ತಲಿನ ಭಾಗವನ್ನು ಕೆಳಗಿನ ಪದರದವರೆಗೆ ತೆಗೆದು ಮಾಡುವ ಉಬ್ಬು ಕೆತ್ತನೆ. ಇಂತಹ ಕಲ್ಲಿಗೆ ಉಳಿ ಸುತ್ತಿಗೆ ನಡೆಯುವುದಿಲ್ಲ. ತಿರುಗುವ ಸಣ್ಣ ಚಕ್ರಕ್ಕೆ ಎಣ್ಣೆ ಮತ್ತು ವಜ್ರದ ಪುಡಿ ಸವರಿ, ಕಲ್ಲನ್ನು ಅದಕ್ಕೆ ಒತ್ತಿ ಹಿಡಿದು ಸ್ವಲ್ಪ ಸ್ವಲ್ಪವೇ ಸವೆಸಬೇಕು. ಒಂದು ಬೆರಳುಗುರಿನಷ್ಟು ಮುಖಕ್ಕೆ ವಾರಗಟ್ಟಲೆ ಹಿಡಿಯುವ ಕೆಲಸವಿದು. ಒಮ್ಮೆ ಹೆಚ್ಚು ಸವೆದರೆ ತಿದ್ದುಪಡಿಗೆ ಅವಕಾಶವಿಲ್ಲ.

ಬಾಲಕನ ಕೈಚಳಕ ಬೇಗನೆ ಗಮನಕ್ಕೆ ಬಂದಿತು. ಅದರಿಂದ ಅಸೂಯೆಯೂ ಹುಟ್ಟಿತು. ಜೊತೆಯಲ್ಲಿ ಕಲಿಯುತ್ತಿದ್ದ ಹುಡುಗನೊಬ್ಬ ಜಗಳದಲ್ಲಿ ಇವರ ಹೊಟ್ಟೆಗೆ ಚೂರಿಯಿಂದ ಇರಿದನು. ಗಾಯ ಮಾಯುವವರೆಗೆ ಹಾಸಿಗೆಯಲ್ಲಿದ್ದ ದಿನಗಳಲ್ಲಿ ಇವರು ಮೇಣದಲ್ಲಿ ಆಕೃತಿ ಮಾಡುವುದನ್ನು ತಾವೇ ಕಲಿತುಕೊಂಡರು. ಬಾಲ್ಯದ ಇಂತಹ ವಿವರಗಳು ಬಹುಪಾಲು ಪಿಸ್ಟ್ರುಚ್ಚಿಯವರ ಆತ್ಮಕಥನದಿಂದಲೇ ತಿಳಿದುಬಂದವುಗಳಾಗಿದ್ದು, ಅವರು ತಮ್ಮ ಬಗ್ಗೆ ಸಂಕೋಚದಿಂದ ಮಾತನಾಡುವವರಲ್ಲ ಎಂಬುದನ್ನೂ ಓದುಗರು ಗಮನದಲ್ಲಿಡುವುದು ಸೂಕ್ತ. ಆದರೂ ಮೇಣದ ಕೆಲಸವು ಮುಂದೆ ಅವರ ಇಡೀ ವೃತ್ತಿಗೆ ಆಧಾರವಾಯಿತೆಂಬುದರಲ್ಲಿ ಸಂದೇಹವಿಲ್ಲ.

ಹದಿಹರೆಯದಲ್ಲಿಯೇ ಸ್ವತಂತ್ರವಾಗಿ ಕೆಲಸ ಆರಂಭಿಸಿದ ಪಿಸ್ಟ್ರುಚ್ಚಿಯವರು 1802ರಲ್ಲಿ, ತಮ್ಮ 19ನೆಯ ವಯಸ್ಸಿನಲ್ಲಿ, ಬಾರ್ಬರಾ ಫೋಲ್ಕಿ ಎಂಬುವರನ್ನು ವಿವಾಹವಾದರು. ಆ ದಿನಗಳಲ್ಲಿ ಪ್ರಾಚೀನ ಗ್ರೀಕ್ ಮತ್ತು ರೋಮನ್ ಕ್ಯಾಮಿಯೋಗಳಿಗೆ ಯೂರೋಪಿನ ಶ್ರೀಮಂತರಲ್ಲಿ ಅಪಾರ ಬೇಡಿಕೆಯಿತ್ತು. ಬೊನೆಲ್ಲಿ ಎಂಬ ವ್ಯಾಪಾರಿ ಇವರಿಂದ ಹೊಸ ಕ್ಯಾಮಿಯೋಗಳನ್ನು ಅಲ್ಪ ಬೆಲೆಗೆ ಮಾಡಿಸಿಕೊಂಡು, ಅವುಗಳನ್ನು ಎರಡು ಸಾವಿರ ವರ್ಷ ಹಳೆಯವೆಂದು ಹೇಳಿ ಮಾರುತ್ತಿದ್ದನು. ಇದು ತಿಳಿದ ಮೇಲೆ ಪಿಸ್ಟ್ರುಚ್ಚಿಯವರು ತಮ್ಮ ಪ್ರತಿಯೊಂದು ಕೆಲಸದಲ್ಲಿಯೂ ಬೇರೆಯವರ ಕಣ್ಣಿಗೆ ಸುಲಭವಾಗಿ ಬೀಳದ ಒಂದು ಗುಟ್ಟಿನ ಗುರುತನ್ನು ಹಾಕತೊಡಗಿದರು. ಕೆಲವು ಕಾಲ ನೆಪೋಲಿಯನ್ನನ ಸಹೋದರಿಯರ ಆಶ್ರಯದಲ್ಲಿಯೂ ಕೆಲಸ ಮಾಡಿದರು. 1814ರ ಕೊನೆಯಲ್ಲಿ ಪ್ಯಾರಿಸ್‌ಗೆ ತೆರಳಿದ ಇವರು, ಮರುವರ್ಷ ನೆಪೋಲಿಯನ್ ಎಲ್ಬಾ ದ್ವೀಪದಿಂದ ಹಿಂದಿರುಗಿ ಪುನಃ ಅಧಿಕಾರ ಹಿಡಿದಾಗ ಅಲ್ಲಿಯೇ ಇದ್ದು, ಚಕ್ರವರ್ತಿಯನ್ನು ಕಣ್ಣಾರೆ ನೋಡಿ ಮೇಣದಲ್ಲಿ ಮುಖಚಿತ್ರವನ್ನು ಮಾಡಿದರು. ವಾಟರ್ಲೂ ಯುದ್ಧದಲ್ಲಿ ನೆಪೋಲಿಯನ್ ಸೋತ ನಂತರ, 1815ರ ಡಿಸೆಂಬರ್ 31ರಂದು ಲಂಡನ್ ತಲುಪಿದರು.

ಲಂಡನ್ನಿನಲ್ಲಿ ಗುರುತಿನ ಪ್ರಶ್ನೆ

ಲಂಡನ್ನಿನಲ್ಲಿ ಇವರಿಗೆ ಮೊದಲು ನೆರವಾದವರಲ್ಲಿ ರಾಯಲ್ ಸೊಸೈಟಿಯ ಅಧ್ಯಕ್ಷರಾಗಿದ್ದ ಸರ್ ಜೋಸೆಫ್ ಬ್ಯಾಂಕ್ಸ್ ಅವರು ಪ್ರಮುಖರು. ಒಂದು ದಿನ ಬ್ಯಾಂಕ್ಸ್ ಅವರ ಮನೆಯಲ್ಲಿ ಪಿಸ್ಟ್ರುಚ್ಚಿಯವರು ಕೆಲಸದಲ್ಲಿದ್ದಾಗ, ಪ್ರಾಚೀನ ಕಲಾವಸ್ತುಗಳ ಹೆಸರಾಂತ ಸಂಗ್ರಾಹಕರಾದ ರಿಚರ್ಡ್ ಪೇಯ್ನ್ ನೈಟ್ ಅವರು ತಾವು ಕೊಂಡ ಕ್ಯಾಮಿಯೋ ಒಂದನ್ನು ತೋರಿಸಲು ತಂದರು. ಹೂವಿನ ದೇವತೆಯಾದ ಫ್ಲೋರಾಳ ತಲೆಯ ಆ ಕೆತ್ತನೆಯನ್ನು ಬೊನೆಲ್ಲಿಯೇ ಅವರಿಗೆ ಪ್ರಾಚೀನ ಗ್ರೀಕ್ ಕೃತಿಯೆಂದು ಹೇಳಿ ದೊಡ್ಡ ಬೆಲೆಗೆ ಮಾರಿದ್ದನು. ಪಿಸ್ಟ್ರುಚ್ಚಿಯವರು ನೋಡಿದ ಕೂಡಲೇ ಅದು ತಮ್ಮದೇ ಕೆಲಸವೆಂದು ತಿಳಿಸಿ, ತಮ್ಮ ಗುಟ್ಟಿನ ಗುರುತನ್ನೂ ತೋರಿಸಿದರು. ನೈಟ್ ಅವರು ಒಪ್ಪಲಿಲ್ಲ. ಅದೇ ಮಾದರಿಯ ಇನ್ನೊಂದು ಫ್ಲೋರಾ ತಲೆಯನ್ನು ಪಿಸ್ಟ್ರುಚ್ಚಿಯವರು ಕೆತ್ತಿ ತೋರಿಸಿದ ಮೇಲೆ ಅನೇಕರಿಗೆ ಮನವರಿಕೆಯಾಯಿತಾದರೂ ನೈಟ್ ಅವರು ತಮ್ಮ ನಿಲುವನ್ನು ಬದಲಿಸಲಿಲ್ಲ. 1824ರಲ್ಲಿ ಅವರು ನಿಧನರಾದಾಗ ಅವರ ಸಂಗ್ರಹವು ಮರಣಶಾಸನದ ಮೂಲಕ ಬ್ರಿಟಿಷ್ ಮ್ಯೂಸಿಯಂಗೆ ಸೇರಿತು. ಆ ಕ್ಯಾಮಿಯೋ ಇಂದು ಅಲ್ಲಿ ಪಿಸ್ಟ್ರುಚ್ಚಿಯವರ ಹೆಸರಿನಲ್ಲಿಯೇ ದಾಖಲಾಗಿದೆ.

ಈ ವಿವಾದದಿಂದ ಇಟಲಿಯ ಹೊಸಬನ ಹೆಸರು ಲಂಡನ್ನಿನ ಗಣ್ಯರಲ್ಲಿ ಹರಡಿತು. ತನ್ನ ಕೆಲಸ ತನ್ನದೆಂದು ಸಾಧಿಸುವುದರಲ್ಲಿಯೇ ಅವರ ಇಂಗ್ಲೆಂಡ್ ವಾಸ ಆರಂಭವಾಯಿತು ಎನ್ನಬಹುದು.

ಸವರನ್ ನಾಣ್ಯ, 1817

ನೆಪೋಲಿಯನ್ನನ ವಿರುದ್ಧದ ದೀರ್ಘ ಯುದ್ಧದಿಂದಾಗಿ ಬ್ರಿಟನ್ನಿನಲ್ಲಿ ಲೋಹದ ನಾಣ್ಯಗಳು ಸವೆದು, ಚಲಾವಣೆಯಿಂದ ಮರೆಯಾಗಿ, ಕಾಗದದ ನೋಟುಗಳ ಮೇಲೆಯೇ ವ್ಯವಹಾರ ನಡೆಯುತ್ತಿತ್ತು. ಇದನ್ನು ಸರಿಪಡಿಸಲು 1816ರಲ್ಲಿ ನಾಣ್ಯ ಕಾಯ್ದೆಯನ್ನು ಜಾರಿಗೊಳಿಸಿ, ಚಿನ್ನವನ್ನೇ ಹಣದ ಮೌಲ್ಯಕ್ಕೆ ಆಧಾರವನ್ನಾಗಿ ಮಾಡಲಾಯಿತು. 21 ಶಿಲ್ಲಿಂಗ್ ಬೆಲೆಯ ಹಳೆಯ ಗಿನಿ ನಾಣ್ಯದ ಬದಲಿಗೆ 20 ಶಿಲ್ಲಿಂಗ್, ಅಂದರೆ ಸರಿಯಾಗಿ ಒಂದು ಪೌಂಡ್ ಬೆಲೆಯ ಚಿನ್ನದ ಸವರನ್ ನಾಣ್ಯವನ್ನು 1817ರಲ್ಲಿ ಹೊರತರಲಾಯಿತು. ಲೆಕ್ಕಪತ್ರ ನೋಡುವವರಿಗೆ ಇದರ ಅನುಕೂಲವನ್ನು ವಿವರಿಸಬೇಕಾಗಿಲ್ಲ. ನಾಣ್ಯದ ತೂಕ 7.988 ಗ್ರಾಂ, ಪರಿಶುದ್ಧತೆ 22 ಕ್ಯಾರೆಟ್ ಎಂದು ನಿಗದಿಯಾಗಿದ್ದು, ಈ ಎರಡೂ ಇಂದಿಗೂ ಬದಲಾಗಿಲ್ಲ.

ರಾಯಲ್ ಮಿಂಟ್‌ನ ಮುಖ್ಯಸ್ಥರಾಗಿದ್ದ ವಿಲಿಯಂ ವೆಲ್ಲೆಸ್ಲಿ ಪೋಲ್ ಅವರು ವಾಟರ್ಲೂ ಯುದ್ಧದ ಸೇನಾನಿ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಅವರ ಸಹೋದರರು. ದೊರೆ ಮೂರನೆಯ ಜಾರ್ಜ್ ಅವರ ಮುಖವನ್ನು ಕಲ್ಲಿನಲ್ಲಿ ಕೆತ್ತಿಕೊಡುವಂತೆ ಅವರು ಪಿಸ್ಟ್ರುಚ್ಚಿಯವರಿಗೆ ವಹಿಸಿದರು. ಆ ಕಲ್ಲಿನ ಮಾದರಿಯನ್ನು ನೋಡಿ ಉಕ್ಕಿನ ಅಚ್ಚು ತಯಾರಿಸಿದವರು ಮಿಂಟ್‌ನ ಮುಖ್ಯ ಕೆತ್ತನೆಗಾರರಾಗಿದ್ದ ಯುವಕ ಥಾಮಸ್ ವಾಯನ್. ಹೀಗೆ ತಯಾರಾದ ಅರ್ಧ ಕ್ರೌನ್ ಬೆಳ್ಳಿ ನಾಣ್ಯದಲ್ಲಿ ದೊರೆಯ ಕತ್ತು ಮತ್ತು ಭುಜ ಗೂಳಿಯಂತೆ ಕಾಣುತ್ತದೆಂದು ಜನರು ಹಾಸ್ಯ ಮಾಡಿದರು. ನಾಣ್ಯ ಸಂಗ್ರಾಹಕರಲ್ಲಿ ಇಂದಿಗೂ ಅದಕ್ಕೆ ಗೂಳಿ ತಲೆಯ ನಾಣ್ಯವೆಂಬ ಹೆಸರಿದೆ. ತಮ್ಮ ಕೆಲಸವನ್ನು ಬೇರೆಯವರು ನಕಲು ಮಾಡಿದ್ದರಿಂದಲೇ ಅದು ಕೆಟ್ಟಿತೆಂದು ಭಾವಿಸಿದ ಪಿಸ್ಟ್ರುಚ್ಚಿಯವರು ಉಕ್ಕಿನಲ್ಲಿ ನೇರವಾಗಿ ಕೆತ್ತುವುದನ್ನು ತಾವೇ ಅಭ್ಯಾಸ ಮಾಡಿದರು. ಕಲ್ಲಿನಲ್ಲಿ ಉಬ್ಬು ಕೆತ್ತುತ್ತಿದ್ದವರು ಉಕ್ಕಿನ ಅಚ್ಚಿನಲ್ಲಿ ತಗ್ಗಾಗಿ, ಎಡಬಲ ತಿರುಗಿಸಿ ಕೆತ್ತಬೇಕಾದ ಕೆಲಸವಿದು. ಮೂವತ್ತು ದಾಟಿದ ಮೇಲೆ ಅದನ್ನು ಕಲಿತು ಕರಗತ ಮಾಡಿಕೊಂಡುದು ಸಣ್ಣ ಮಾತಲ್ಲ.

ಸಂತ ಜಾರ್ಜ್ ಚಿತ್ರದ ಮೂಲ ಬೇರೆಯೇ ಇದೆ. ಲೇಡಿ ಸ್ಪೆನ್ಸರ್ ಅವರು ತಮ್ಮ ಪತಿ ಗಾರ್ಟರ್ ಗೌರವ ಪಟ್ಟದ ಉಡುಗೆಯೊಂದಿಗೆ ಧರಿಸುವ ಆಭರಣಕ್ಕಾಗಿ ಸಂತ ಜಾರ್ಜ್ ಮತ್ತು ಘಟಸರ್ಪದ ಕೆತ್ತನೆಯನ್ನು ಗ್ರೀಕ್ ಶೈಲಿಯಲ್ಲಿ ಮಾಡಿಕೊಡುವಂತೆ ಕೋರಿದ್ದರು. ಇದೇ ವಸ್ತುವನ್ನು ಹೊಸ ಚಿನ್ನದ ನಾಣ್ಯಕ್ಕೆ ಬಳಸಬಹುದೆಂದು ಪಿಸ್ಟ್ರುಚ್ಚಿಯವರು ಸಲಹೆ ಮಾಡಲು, ವೆಲ್ಲೆಸ್ಲಿ ಪೋಲ್ ಅವರು ಒಪ್ಪಿದರು. ಮಾದರಿ ಕೆತ್ತನೆಗೆ 100 ಗಿನಿಗಳ ಸಂಭಾವನೆ ನೀಡಲಾಯಿತು. ಪಿಸ್ಟ್ರುಚ್ಚಿಯವರು ಇಳಿದುಕೊಂಡಿದ್ದ ಹೋಟೆಲಿನ ಇಟಲಿ ಮೂಲದ ಸೇವಕನೊಬ್ಬನು ಸಂತ ಜಾರ್ಜ್‌ನ ಆಕೃತಿಗೆ ಮಾದರಿಯಾಗಿ ನಿಂತನೆಂಬ ಮಾತು ಬಹಳ ಹಿಂದಿನಿಂದ ಪ್ರಚಾರದಲ್ಲಿದೆ.

ಅದುವರೆಗೆ ಸಂತ ಜಾರ್ಜ್‌ನನ್ನು ಮೈತುಂಬ ಕವಚ ತೊಟ್ಟ ಮಧ್ಯಯುಗದ ಯೋಧನಂತೆ ಚಿತ್ರಿಸುವುದು ವಾಡಿಕೆಯಾಗಿತ್ತು. ಪಿಸ್ಟ್ರುಚ್ಚಿಯವರು ತಲೆಗೆ ಶಿರಸ್ತ್ರಾಣ, ಬೆನ್ನ ಹಿಂದೆ ಹಾರುವ ಮೇಲುವಸ್ತ್ರ ಮಾತ್ರ ಉಳಿಸಿ, ಉಳಿದಂತೆ ಬರಿಮೈಯ ಗ್ರೀಕ್ ಸವಾರನನ್ನಾಗಿ ಅವನನ್ನು ರೂಪಿಸಿದರು. ಅಥೆನ್ಸ್‌ನ ಪಾರ್ಥೆನಾನ್ ದೇವಾಲಯದ ಕುದುರೆ ಸವಾರರ ಶಿಲ್ಪಗಳು 1816ರಲ್ಲಿ ಬ್ರಿಟಿಷ್ ಮ್ಯೂಸಿಯಂನ ಸ್ವಾಧೀನಕ್ಕೆ ಬಂದಿದ್ದವು ಎಂಬುದನ್ನು ಇಲ್ಲಿ ಸ್ಮರಿಸಬಹುದು. 1817ರ ನಾಣ್ಯದಲ್ಲಿ ಸವಾರನ ಕೈಯಲ್ಲಿ ಮುರಿದ ಭರ್ಜಿಯ ತುಂಡಿದೆ. 1818ರ ಕ್ರೌನ್ ಬೆಳ್ಳಿ ನಾಣ್ಯದಲ್ಲಿ ಮತ್ತು 1821ರ ಸವರನ್‌ನಲ್ಲಿ ಅದರ ಬದಲು ಗಿಡ್ಡ ಕತ್ತಿ ಬಂದಿತು. ಇಷ್ಟು ಗಿಡ್ಡ ಕತ್ತಿಯಿಂದ ಘಟಸರ್ಪವನ್ನು ಕೊಲ್ಲಲು ಸಾಧ್ಯವೇ ಎಂಬ ಟೀಕೆಯೂ ಬಂದಿತು. ಯುದ್ಧಶಾಸ್ತ್ರದ ದೃಷ್ಟಿಯಿಂದ ಟೀಕೆ ಸರಿಯಿರಬಹುದು. ಆದರೆ ಎರಡು ಸೆಂಟಿಮೀಟರಿಗಿಂತ ತುಸು ಹೆಚ್ಚು ಅಗಲದ ವೃತ್ತದೊಳಗೆ ಕುದುರೆ, ಸವಾರ, ಘಟಸರ್ಪ ಮೂರನ್ನೂ ಇಕ್ಕಟ್ಟಾಗದಂತೆ ಕೂರಿಸಿ, ಚಲನೆಯನ್ನೂ ತೋರಿಸಿರುವುದು ಈ ಚಿತ್ರದ ಹಿರಿಮೆ.

1818ರ ಕ್ರೌನ್ ನಾಣ್ಯದ ಎರಡೂ ಬದಿಗಳಲ್ಲಿ ಪಿಸ್ಟ್ರುಚ್ಚಿಯವರ ಹೆಸರು ಪೂರ್ಣವಾಗಿ ಮೂಡಿತು. ನಾಣ್ಯದ ಮೇಲೆ ಹೆಸರಿನ ಮೊದಲಕ್ಷರಗಳನ್ನು ಮಾತ್ರ ಹಾಕುವ ರೂಢಿಯಿದ್ದುದರಿಂದ ಇದು ಆಕ್ಷೇಪಣೆಗೆ ಗುರಿಯಾಯಿತು. ಗುಟ್ಟಿನ ಗುರುತು ಹಾಕಿ ಬದುಕಿದ್ದವರು ಪೂರ್ಣ ಹೆಸರು ಬರೆದುದರ ಹಿಂದಿನ ಕಾರಣ ಊಹಿಸುವುದು ಕಷ್ಟವಲ್ಲ.

ಹುದ್ದೆಯ ವಿವಾದ

1817ರ ಸೆಪ್ಟೆಂಬರ್‌ನಲ್ಲಿ ಥಾಮಸ್ ವಾಯನ್ ಅವರು ಚಿಕ್ಕ ವಯಸ್ಸಿನಲ್ಲಿಯೇ ನಿಧನರಾದುದರಿಂದ ಮುಖ್ಯ ಕೆತ್ತನೆಗಾರರ ಹುದ್ದೆ ತೆರವಾಯಿತು. ವಾರ್ಷಿಕ 500 ಪೌಂಡ್ ವೇತನ ಮತ್ತು ಟವರ್ ಹಿಲ್‌ನ ಮಿಂಟ್ ಆವರಣದಲ್ಲಿ ವಾಸದ ಮನೆಯೊಂದಿಗೆ ಆ ಹುದ್ದೆಯನ್ನು ನೀಡುವುದಾಗಿ ವೆಲ್ಲೆಸ್ಲಿ ಪೋಲ್ ಅವರು ಪಿಸ್ಟ್ರುಚ್ಚಿಯವರಿಗೆ ಭರವಸೆಯಿತ್ತರು. ಆದರೆ ವಿದೇಶಿಯರು ಸರ್ಕಾರಿ ಹುದ್ದೆ ಹೊಂದುವುದನ್ನು ನಿಷೇಧಿಸುವ ಹಳೆಯ ಕಾಯ್ದೆಯೊಂದು ಜಾರಿಯಲ್ಲಿತ್ತು. ಅದನ್ನು ಮೀರುವಂತಿರಲಿಲ್ಲ. ಆದ್ದರಿಂದ ಹುದ್ದೆಯನ್ನು ಕಡತದಲ್ಲಿ ಖಾಲಿಯೆಂದು ಉಳಿಸಿಕೊಂಡು, ಅದರ ಕೆಲಸ, ವೇತನ ಮತ್ತು ಮನೆಯನ್ನು ಮಾತ್ರ ಪಿಸ್ಟ್ರುಚ್ಚಿಯವರಿಗೆ ವಹಿಸಲಾಯಿತು. ಲಿಖಿತ ಆದೇಶವಿಲ್ಲದ ಇಂತಹ ಏರ್ಪಾಡು ಅದನ್ನು ಮಾಡಿದ ಅಧಿಕಾರಿ ಇರುವವರೆಗೆ ಮಾತ್ರ ನಡೆಯುತ್ತದೆಂಬುದು ಕಚೇರಿಗಳ ಅನುಭವವುಳ್ಳವರಿಗೆ ತಿಳಿದ ವಿಷಯ.

ಇನ್ನೊಂದು ಕಡೆಯ ಅಹವಾಲನ್ನೂ ಇಲ್ಲಿ ಹೇಳುವುದು ನ್ಯಾಯ. ವಾಯನ್ ಮನೆತನವು ತಲೆಮಾರುಗಳಿಂದ ಅಚ್ಚು ಕೆತ್ತನೆಯ ಕಸುಬಿನಲ್ಲಿತ್ತು. ಮೃತರ ಸೋದರ ಸಂಬಂಧಿ ವಿಲಿಯಂ ವಾಯನ್ (1795-1851) ಅವರು 1816ರಿಂದಲೇ ಮಿಂಟ್‌ನಲ್ಲಿ ಎರಡನೆಯ ಕೆತ್ತನೆಗಾರರಾಗಿದ್ದು, ಕ್ರಮದಂತೆ ಮೇಲಿನ ಹುದ್ದೆಯ ನಿರೀಕ್ಷೆಯಲ್ಲಿದ್ದರು. ಅವರು ಸಾಮಾನ್ಯ ಕೆಲಸಗಾರರಲ್ಲ. ಮುಂದೆ ವಿಕ್ಟೋರಿಯಾ ರಾಣಿಯ ಯೌವನದ ಮುಖವನ್ನು ನಾಣ್ಯಗಳಿಗೆ ಕೆತ್ತಿದವರು ಅವರೇ. 1840ರಲ್ಲಿ ಬಂದ ಜಗತ್ತಿನ ಮೊದಲ ಅಂಚೆ ಚೀಟಿಯಾದ ಪೆನ್ನಿ ಬ್ಲ್ಯಾಕ್‌ನ ಮುಖಚಿತ್ರಕ್ಕೂ ಅವರ ಪದಕವೊಂದು ಆಧಾರವಾಯಿತು. ಈಸ್ಟ್ ಇಂಡಿಯಾ ಕಂಪನಿಯು ಹೊರಡಿಸಿದ 1840ರ ರೂಪಾಯಿಯಲ್ಲಿರುವ ರಾಣಿಯ ಮುಖವೂ ವಾಯನ್ ಅವರದೇ ಕೆಲಸ. ಹೀಗೆ ಇಬ್ಬರು ಸಮರ್ಥರು ಒಂದೇ ಛಾವಣಿಯ ಕೆಳಗೆ ಒಂದೇ ಹುದ್ದೆಗಾಗಿ ಹತ್ತು ವರ್ಷ ಕಾದರು. ವೃತ್ತಪತ್ರಿಕೆಗಳಲ್ಲಿ ಇಬ್ಬರ ಪರವಾಗಿಯೂ ಲೇಖನಗಳು ಬಂದವು. ವಿದೇಶಿಯನಿಗೆ ಬ್ರಿಟಿಷ್ ನಾಣ್ಯದ ಕೆಲಸ ಏಕೆ ಎಂಬ ಪ್ರಶ್ನೆಯೂ ಎದ್ದಿತು.

1820ರಲ್ಲಿ ನಾಲ್ಕನೆಯ ಜಾರ್ಜ್ ದೊರೆಯಾದಾಗ ಹೊಸ ನಾಣ್ಯಗಳ ಮುಖಚಿತ್ರವನ್ನೂ, 1821ರ ಪಟ್ಟಾಭಿಷೇಕದ ಪದಕವನ್ನೂ ಪಿಸ್ಟ್ರುಚ್ಚಿಯವರು ಕೆತ್ತಿದರು. ಸ್ಥೂಲಕಾಯರಾಗಿದ್ದ ದೊರೆಗೆ ನಾಣ್ಯದ ಮೇಲಿನ ತಮ್ಮ ರೂಪ ಮೆಚ್ಚುಗೆಯಾಗಲಿಲ್ಲ. ಶಿಲ್ಪಿ ಫ್ರಾನ್ಸಿಸ್ ಚಾಂಟ್ರಿಯವರು ಮಾಡಿದ್ದ ಎದೆಮಟ್ಟದ ಪ್ರತಿಮೆಯನ್ನು ನೋಡಿ ಅದರಂತೆ ಹೊಸ ಅಚ್ಚು ಮಾಡಬೇಕೆಂದು ಸೂಚಿಸಲಾಯಿತು. ಬೇರೊಬ್ಬ ಕಲಾವಿದನ ಕೃತಿಯನ್ನು ನಕಲು ಮಾಡುವುದಿಲ್ಲವೆಂದು ಪಿಸ್ಟ್ರುಚ್ಚಿಯವರು ನಿರಾಕರಿಸಿದರು. ಆ ಕೆಲಸವನ್ನು ವಿಲಿಯಂ ವಾಯನ್ ಮಾಡಿಕೊಟ್ಟರು. ಅಷ್ಟರಲ್ಲಿ, 1823ರಲ್ಲಿ, ವೆಲ್ಲೆಸ್ಲಿ ಪೋಲ್ ಅವರು ಮಿಂಟ್‌ನಿಂದ ನಿರ್ಗಮಿಸಿದ್ದರು. ರಕ್ಷಣೆಗೆ ಇದ್ದ ಏಕೈಕ ಮೇಲಧಿಕಾರಿಯೂ ಇಲ್ಲದಂತಾಯಿತು. 1825ರಿಂದ ಸವರನ್ ನಾಣ್ಯದ ಹಿಂಬದಿಯಲ್ಲಿ ಸಂತ ಜಾರ್ಜ್ ಬದಲಿಗೆ ರಾಜಲಾಂಛನದ ಗುರಾಣಿಯನ್ನು ಮುದ್ರಿಸಲಾಯಿತು.

ಕೊನೆಗೆ 1828ರಲ್ಲಿ ಒಂದು ರಾಜಿ ಸೂತ್ರವನ್ನು ರೂಪಿಸಲಾಯಿತು. ವಿಲಿಯಂ ವಾಯನ್ ಅವರನ್ನು ಮುಖ್ಯ ಕೆತ್ತನೆಗಾರರೆಂದು ನೇಮಿಸಿ, ಪಿಸ್ಟ್ರುಚ್ಚಿಯವರಿಗಾಗಿ ಮುಖ್ಯ ಪದಕ ಶಿಲ್ಪಿ ಎಂಬ ಹೊಸ ಹುದ್ದೆಯನ್ನು ಸೃಜಿಸಲಾಯಿತು. ಅವರ ವೇತನವೂ ಇಳಿಯಿತು. ಪಿಸ್ಟ್ರುಚ್ಚಿಯವರು ಇದನ್ನು ನ್ಯಾಯವೆಂದು ಎಂದೂ ಒಪ್ಪಲಿಲ್ಲ.

ಮೂವತ್ತು ವರ್ಷಗಳ ಪದಕ

ಪಿಸ್ಟ್ರುಚ್ಚಿಯವರ ಅತಿ ದೊಡ್ಡ ಕೆಲಸವೆಂದರೆ ವಾಟರ್ಲೂ ಪದಕ. 1815ರ ಜೂನ್ 18ರ ವಿಜಯದ ಸ್ಮರಣಾರ್ಥ, ಮಿತ್ರರಾಷ್ಟ್ರಗಳ ದೊರೆಗಳಿಗೆ ಮತ್ತು ಸೇನಾಪತಿಗಳಿಗೆ ನೀಡುವ ಸಲುವಾಗಿ ಒಂದು ಭಾರಿ ಪದಕವನ್ನು ಸಿದ್ಧಪಡಿಸಲು 1819ರಲ್ಲಿ ತೀರ್ಮಾನಿಸಲಾಯಿತು. ಶಿಲ್ಪಿ ಜಾನ್ ಫ್ಲಾಕ್ಸ್‌ಮನ್ ಅವರ ವಿನ್ಯಾಸದಂತೆ ಕೆತ್ತಬೇಕೆಂಬ ಸೂಚನೆ ಮೊದಲು ಬಂದಿತ್ತು. ಪಿಸ್ಟ್ರುಚ್ಚಿಯವರು ಅದನ್ನೂ ನಿರಾಕರಿಸಿ, ತಮ್ಮದೇ ವಿನ್ಯಾಸವನ್ನು ಸಲ್ಲಿಸಿ ಒಪ್ಪಿಗೆ ಪಡೆದರು. ಕೆಲಸಕ್ಕೆ 2,400 ಪೌಂಡ್ ಸಂಭಾವನೆ ಗೊತ್ತಾಯಿತು.

ಪದಕದ ಅಗಲ 13 ಸೆಂಟಿಮೀಟರಿಗಿಂತ ಹೆಚ್ಚು. ಒಂದು ಬದಿಯಲ್ಲಿ ಬ್ರಿಟನ್, ಆಸ್ಟ್ರಿಯಾ, ರಷ್ಯಾ ಮತ್ತು ಪ್ರಷ್ಯಾ ದೇಶಗಳ ನಾಲ್ವರು ಅಧಿಪತಿಗಳ ಮುಖಗಳು. ಇನ್ನೊಂದು ಬದಿಯ ನಡುವೆ ಕುದುರೆಯೇರಿದ ವೆಲ್ಲಿಂಗ್ಟನ್ ಮತ್ತು ಪ್ರಷ್ಯಾದ ಸೇನಾಪತಿ ಬ್ಲೂಷರ್, ಅವರ ನಡುವೆ ವಿಜಯದೇವತೆ. ಸುತ್ತಲೂ ದೇವರಾಜನಾದ ಜ್ಯೂಪಿಟರ್ ದೈತ್ಯರನ್ನು ಸಿಡಿಲಿನಿಂದ ಉರುಳಿಸುವ ದೃಶ್ಯ. ದೈತ್ಯರ ಸಂಖ್ಯೆ 19. ಯುದ್ಧ ನಡೆದ ವರ್ಷಗಳಿಗೆ ಅವು ಸಂಕೇತ. ಇಷ್ಟೊಂದು ಆಕೃತಿಗಳನ್ನು ಉಕ್ಕಿನಲ್ಲಿ ತಗ್ಗಾಗಿ ಕೆತ್ತುವ ಕೆಲಸ ಸಹಜವಾಗಿಯೇ ವರ್ಷಗಟ್ಟಲೆ ಹಿಡಿಯುವಂಥದು. ಆದರೆ ಮೂವತ್ತು ವರ್ಷಕ್ಕೆ ಅದೊಂದೇ ಕಾರಣವಲ್ಲ. ಭರವಸೆ ನೀಡಿದ ಹುದ್ದೆ ಕೈಗೆ ಬಾರದಿದ್ದಾಗ ಪಿಸ್ಟ್ರುಚ್ಚಿಯವರು ಪದಕದ ಕೆಲಸವನ್ನು ನಿಧಾನಗೊಳಿಸಿದರು. ಅಚ್ಚು ಮುಗಿಯದಿರುವವರೆಗೆ ಮಿಂಟ್ ಅವರನ್ನು ಬಿಡುವಂತಿರಲಿಲ್ಲ. ಇತ್ತ ಮಿಂಟ್‌ನ ಅಧಿಕಾರಿಗಳು ಪದೇ ಪದೇ ವಿಚಾರಿಸುತ್ತಿದ್ದರು. ಯಾರ ತಪ್ಪು ಹೆಚ್ಚೆಂದು ಇಂದು ಅಳೆಯುವುದು ಕಷ್ಟ. ಆದರೆ ಸಾರ್ವಜನಿಕ ಹಣದಿಂದ ಮುಂಗಡ ಪಡೆದ ಕೆಲಸವನ್ನು ಹೀಗೆ ತಡೆಹಿಡಿದುದನ್ನು ಸಮರ್ಥಿಸಲಾಗದು.

ಈ ನಡುವೆ ಅವರು ಕೈಕಟ್ಟಿ ಕುಳಿತಿರಲಿಲ್ಲ. ಡ್ಯೂಕ್ ಆಫ್ ವೆಲ್ಲಿಂಗ್ಟನ್ ಅವರ ಅಮೃತಶಿಲೆಯ ಪ್ರತಿಮೆ ಮಾಡಿದರು, ಕ್ಯಾಮಿಯೋಗಳನ್ನು ಕೆತ್ತಿದರು. 1838ರ ವಿಕ್ಟೋರಿಯಾ ರಾಣಿಯ ಪಟ್ಟಾಭಿಷೇಕದ ಪದಕ ಇವರದೇ, ಆದರೆ ಅದಕ್ಕೆ ಮೆಚ್ಚುಗೆಗಿಂತ ಟೀಕೆಯೇ ಹೆಚ್ಚು ಬಂದಿತು. ಅದೇ ವರ್ಷ ಡಚಿ ಆಫ್ ಲ್ಯಾಂಕಾಸ್ಟರ್‌ನ ಬೆಳ್ಳಿಯ ಮುದ್ರೆಯನ್ನು ಕೇವಲ 15 ದಿನಗಳಲ್ಲಿ ಸಿದ್ಧಪಡಿಸಿದರು. ಉಕ್ಕಿನಲ್ಲಿ ಹೊಸದಾಗಿ ಕೆತ್ತುವ ಬದಲು, ಮೇಣದ ಮಾದರಿಯಿಂದಲೇ ಎರಕ ಹೊಯ್ದು ಲೋಹದ ಅಚ್ಚು ಪಡೆಯುವ ವಿಧಾನವನ್ನು ಇದಕ್ಕೆ ಬಳಸಿದ್ದರು. ಕಲಾವಿದನ ಕೈಯ ಗುರುತು ನಡುವೆ ಯಾರೂ ನಕಲು ಮಾಡದೆ ನೇರವಾಗಿ ಲೋಹಕ್ಕೆ ಬರುತ್ತದೆಂಬುದು ಇದರ ಅನುಕೂಲ. ವಿಧಾನ ಹೊಸದಲ್ಲವೆಂದು ವಾದಿಸಿದವರೂ ಇದ್ದರು. 1839ರಲ್ಲಿ ಪೋಪ್ ಅವರ ಟಂಕಸಾಲೆಯ ಮುಖ್ಯ ಕೆತ್ತನೆಗಾರರಾಗಿ ರೋಮ್‌ಗೆ ಹೋದರು. ಆ ಹೆಸರಿನ ಹುದ್ದೆ ಕೊನೆಗೂ ತಾಯ್ನಾಡಿನಲ್ಲಿ ಸಿಕ್ಕಿತ್ತು. ಆದರೆ ವೇತನ ತೀರಾ ಕಡಿಮೆಯೆಂದು ಕಂಡು ಕೆಲವೇ ತಿಂಗಳಲ್ಲಿ ಲಂಡನ್ನಿಗೆ ಮರಳಿದರು.

1849ರ ಜನವರಿಯಲ್ಲಿ ವಾಟರ್ಲೂ ಪದಕದ ಅಚ್ಚುಗಳನ್ನು ಮಿಂಟ್‌ಗೆ ಒಪ್ಪಿಸಿದಾಗ ಪಿಸ್ಟ್ರುಚ್ಚಿಯವರಿಗೆ 65 ವರ್ಷ ತುಂಬಿತ್ತು. ಪದಕ ಪಡೆಯಬೇಕಾಗಿದ್ದವರಲ್ಲಿ ಬ್ಲೂಷರ್ 1819ರಲ್ಲಿ, ರಷ್ಯಾದ ಅಲೆಕ್ಸಾಂಡರ್ 1825ರಲ್ಲಿ, ನಾಲ್ಕನೆಯ ಜಾರ್ಜ್ 1830ರಲ್ಲಿ, ಆಸ್ಟ್ರಿಯಾದ ಫ್ರಾನ್ಸಿಸ್ 1835ರಲ್ಲಿ, ಪ್ರಷ್ಯಾದ ಫ್ರೆಡರಿಕ್ ವಿಲಿಯಂ 1840ರಲ್ಲಿ ನಿಧನರಾಗಿದ್ದರು. ಉಳಿದಿದ್ದವರು ವೆಲ್ಲಿಂಗ್ಟನ್ ಮಾತ್ರ.

ಅವರಿಗೂ ಪದಕ ಸಿಗಲಿಲ್ಲ. ಕೆತ್ತಿದ ಉಕ್ಕು ಮೆತ್ತಗಿರುತ್ತದೆ; ಅದನ್ನು ಕೆಂಪಗೆ ಕಾಯಿಸಿ ನೀರಿನಲ್ಲಿ ಹಠಾತ್ತನೆ ತಣಿಸಿ ಗಟ್ಟಿ ಮಾಡಿದ ನಂತರವೇ ಅಚ್ಚು ಒತ್ತಲು ಬರುತ್ತದೆ. ಆ ಕ್ಷಣದಲ್ಲಿ ಉಕ್ಕು ಸೀಳುವ ಅಪಾಯ ಯಾವಾಗಲೂ ಇದ್ದು, ಅಚ್ಚು ದೊಡ್ಡದಾದಷ್ಟೂ ಅಪಾಯ ಹೆಚ್ಚು. ಇಷ್ಟು ದೊಡ್ಡ ಅಚ್ಚನ್ನು ತಣಿಸುವ ಹೊಣೆ ಹೊರಲು ಯಾರೂ ಮುಂದೆ ಬರಲಿಲ್ಲ. ಮೂವತ್ತು ವರ್ಷದ ಕೆಲಸ ಒಂದು ನಿಮಿಷದಲ್ಲಿ ಹಾಳಾಗುವ ಸಂಭವವಿದ್ದುದರಿಂದ ಅಚ್ಚುಗಳನ್ನು ಹಾಗೆಯೇ ಇರಿಸಿ, ಮೆತ್ತನೆಯ ವಸ್ತುಗಳಲ್ಲಿ ಪಡಿಯಚ್ಚು ತೆಗೆಯುವುದಕ್ಕೆ ಮತ್ತು ವಿದ್ಯುತ್ ಲೇಪನದ ವಿಧಾನದಿಂದ ಪ್ರತಿಗಳನ್ನು ಮಾಡುವುದಕ್ಕೆ ಸೀಮಿತಗೊಳಿಸಲಾಯಿತು. ವಾಟರ್ಲೂ ಯುದ್ಧದ ಇನ್ನೂರನೆಯ ವರ್ಷವಾದ 2015ರಲ್ಲಿ ಇದೇ ವಿನ್ಯಾಸದ ಪದಕಗಳನ್ನು ತಯಾರಿಸಿ ಹಿಂದಿನ ಮಿತ್ರರಾಷ್ಟ್ರಗಳ ಪ್ರತಿನಿಧಿಗಳಿಗೆ ನೀಡಲಾಯಿತು.

ಕೊನೆಯ ದಿನಗಳು

ಪಿಸ್ಟ್ರುಚ್ಚಿಯವರು ತಮ್ಮ ಕೊನೆಯ ವರ್ಷಗಳನ್ನು ವಿಂಡ್ಸರ್ ಸಮೀಪದಲ್ಲಿ ಕಳೆದರು. ಎಂಗಲ್‌ಫೀಲ್ಡ್ ಗ್ರೀನ್ ಎಂಬಲ್ಲಿ ಅವರು ವಾಸವಿದ್ದ ಮನೆಯ ಹೆಸರು ಫ್ಲೋರಾ ಲಾಡ್ಜ್. ಹಿಂದಿನ ಆ ಕ್ಯಾಮಿಯೋ ವಿವಾದವನ್ನು ಬಲ್ಲವರಿಗೆ ಈ ಹೆಸರು ಅರ್ಥವಾಗುತ್ತದೆ. ಶ್ವಾಸಕೋಶದ ಉರಿಯೂತದಿಂದ 1855ರ ಸೆಪ್ಟೆಂಬರ್ 16ರಂದು, ತಮ್ಮ 72ನೆಯ ವಯಸ್ಸಿನಲ್ಲಿ ನಿಧನರಾದರು. ಸಮೀಪದ ವರ್ಜೀನಿಯಾ ವಾಟರ್‌ನ ಕ್ರೈಸ್ಟ್ ಚರ್ಚ್ ಆವರಣದಲ್ಲಿ ಅವರನ್ನು ಸಮಾಧಿ ಮಾಡಲಾಯಿತು. ಪುತ್ರಿಯರಾದ ಎಲೆನಾ ಮತ್ತು ಎಲಿಸಾ ರೋಮ್‌ನಲ್ಲಿ ಕ್ಯಾಮಿಯೋ ಕೆತ್ತನೆಯನ್ನು ಮುಂದುವರಿಸಿದರು. ಹಿರಿಯ ಸಹೋದರ ಫಿಲಿಪ್ಪೊ ಅವರೂ ಲಂಡನ್ನಿಗೆ ಬಂದು ನೆಲೆಸಿದ್ದು, ಇಟಲಿಯ ಸ್ವಾತಂತ್ರ್ಯ ಹೋರಾಟಗಾರ ಮ್ಯಾಝಿನಿಯವರು ಅಲ್ಲಿನ ಬಡ ಇಟಾಲಿಯನ್ ಮಕ್ಕಳಿಗಾಗಿ ತೆರೆದ ಶಾಲೆಯಲ್ಲಿ ಸೇವೆ ಸಲ್ಲಿಸಿದರು.

ಪಿಸ್ಟ್ರುಚ್ಚಿಯವರು ತೀರಿಕೊಂಡಾಗ ಅವರ ಸಂತ ಜಾರ್ಜ್ ಚಿತ್ರವು ಸವರನ್‌ನಿಂದ ಮರೆಯಾಗಿ 30 ವರ್ಷಗಳಾಗಿದ್ದವು. 1871ರಲ್ಲಿ ಮಿಂಟ್‌ನ ಉಪ ಮುಖ್ಯಸ್ಥ ಚಾರ್ಲ್ಸ್ ಫ್ರೀಮ್ಯಾಂಟಲ್ ಅವರ ಪ್ರಯತ್ನದಿಂದ ಅದನ್ನು ಪುನಃ ನಾಣ್ಯಕ್ಕೆ ತರಲಾಯಿತು. ಆ ನಂತರ ಲಂಡನ್ ಮಾತ್ರವಲ್ಲದೆ ಸಿಡ್ನಿ, ಮೆಲ್ಬೋರ್ನ್, ಪರ್ತ್, ಒಟ್ಟಾವಾ ಮತ್ತು ಪ್ರಿಟೋರಿಯಾಗಳಲ್ಲಿದ್ದ ಶಾಖೆಗಳಲ್ಲಿಯೂ ಈ ಚಿತ್ರದ ಸವರನ್‌ಗಳನ್ನು ಮುದ್ರಿಸಲಾಯಿತು.

ಭಾರತದಲ್ಲಿ ಸವರನ್

1899ರ ಕಾಯ್ದೆಯನ್ವಯ ಭಾರತದಲ್ಲಿ ಒಂದು ಸವರನ್‌ಗೆ 15 ರೂಪಾಯಿಯ ದರದಲ್ಲಿ ಕಾನೂನುಬದ್ಧ ಚಲಾವಣೆಯ ಮಾನ್ಯತೆ ನೀಡಲಾಯಿತು. ಮೊದಲ ಮಹಾಯುದ್ಧದ ಕಾಲದಲ್ಲಿ, 1918ರಲ್ಲಿ, ಬೊಂಬಾಯಿ ಟಂಕಸಾಲೆಯ ಆವರಣದಲ್ಲಿ ರಾಯಲ್ ಮಿಂಟ್‌ನ ಶಾಖೆಯೊಂದನ್ನು ತೆರೆದು ಸುಮಾರು 13 ಲಕ್ಷ ಸವರನ್‌ಗಳನ್ನು ಮುದ್ರಿಸಲಾಯಿತು. 1919ರಲ್ಲಿ ಶಾಖೆಯನ್ನು ಮುಚ್ಚಲಾಯಿತು. ಬೊಂಬಾಯಿಯಲ್ಲಿ ಮುದ್ರಿತವಾದ ನಾಣ್ಯಗಳೆಲ್ಲವೂ 1918ರ ಇಸವಿಯನ್ನೇ ಹೊಂದಿದ್ದು, ಕುದುರೆಯ ಕೆಳಗಿನ ನೆಲದ ಗೆರೆಯ ನಡುವೆ ಇಂಗ್ಲಿಷಿನ ಐ ಅಕ್ಷರವನ್ನು ಸಣ್ಣದಾಗಿ ಹಾಕಲಾಗಿದೆ.

ಮನೆಯಲ್ಲಿರುವ ಹಳೆಯ ಸವರನ್‌ಗಳನ್ನು ಪರಿಶೀಲಿಸುವ ಸಾರ್ವಜನಿಕರು ಒಂದು ಅಂಶವನ್ನು ಗಮನಿಸತಕ್ಕದ್ದು. ಕುದುರೆ ಸವಾರನ ಚಿತ್ರವಿದ್ದ ಮಾತ್ರಕ್ಕೆ ನಾಣ್ಯವು ಟಂಕಸಾಲೆಯದೆಂದು ಭಾವಿಸುವಂತಿಲ್ಲ. ಈ ಚಿತ್ರವನ್ನು ಅನುಕರಿಸಿ ಖಾಸಗಿಯಾಗಿ ತಯಾರಿಸಿದ ತುಂಡುಗಳೂ ಆಭರಣಗಳೂ ಬಹಳಷ್ಟು ಇವೆ. ತೂಕ ಮತ್ತು ಪರಿಶುದ್ಧತೆಯನ್ನು ಪರೀಕ್ಷೆ ಮಾಡಿಸಿಯೇ ಖಚಿತಪಡಿಸಿಕೊಳ್ಳಬೇಕು. ಅಸಲು ನಾಣ್ಯದ ಹಿಂಬದಿಯ ಕೆಳಭಾಗದಲ್ಲಿ, ಇಸವಿಯ ಬಲಗಡೆಗೆ, ಭೂತಗನ್ನಡಿಯಿಂದ ನೋಡಿದಾಗ ಸಾಮಾನ್ಯವಾಗಿ ಬಿ.ಪಿ. ಎಂಬ ಎರಡು ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಅವು ಬೆನೆಡೆಟ್ಟೊ ಪಿಸ್ಟ್ರುಚ್ಚಿಯವರ ಹೆಸರಿನ ಮೊದಲಕ್ಷರಗಳು. ಬಹಳ ಕೈ ದಾಟಿದ ನಾಣ್ಯಗಳಲ್ಲಿ ಮೊದಲು ಸವೆದು ಹೋಗುವ ಭಾಗಗಳಲ್ಲಿ ಅದೂ ಒಂದು.